ಪೀಟರ್ ಗ್ರೀನ್: ಹಾಡಿನ ಹಿಂದೆ ಸರಿದು ನಿಂತ ಗಿಟಾರ್



1960ರ ದಶಕದ ಬ್ರಿಟನ್ನಿನಲ್ಲಿ ಬ್ಲೂಸ್ ನುಡಿಸಿದ ಗಿಟಾರ್ ವಾದಕರು ಎಂದ ಕೂಡಲೇ ಎರಿಕ್ ಕ್ಲ್ಯಾಪ್ಟನ್, ಜೆಫ್ ಬೆಕ್, ಜಿಮ್ಮಿ ಪೇಜ್ ಎಂಬ ಮೂರು ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಪೀಟರ್ ಗ್ರೀನ್ ಎಂಬ ನಾಲ್ಕನೆಯ ಹೆಸರು ಬರುವುದು ಆಮೇಲೆ, ಅದೂ ಬಲ್ಲವರ ನಡುವೆ ಮಾತ್ರ. ಆದರೆ ಅವರ ಕೃತಿಗಳನ್ನು ಕೇಳದ ಪಾಶ್ಚಾತ್ಯ ಸಂಗೀತಾಸಕ್ತರು ವಿರಳ. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಸಾಂಟಾನಾ ತಂಡದ ಹಾಡೆಂದೇ ಜಗತ್ತಿಗೆ ಗೊತ್ತು. ಅದನ್ನು ಬರೆದು ಮೊದಲು ಹಾಡಿದವರು ಗ್ರೀನ್. ‘ದಿ ಗ್ರೀನ್ ಮನಲಿಷಿ’ಯನ್ನು ಹೆವಿ ಮೆಟಲ್ ಕೇಳುಗರು ಜೂಡಸ್ ಪ್ರೀಸ್ಟ್ ತಂಡದ್ದೆಂದು ಭಾವಿಸುತ್ತಾರೆ, ಅದೂ ಗ್ರೀನ್ ಅವರದೇ. ಫ್ಲೀಟ್‌ವುಡ್ ಮ್ಯಾಕ್ ಎಂದರೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ 1977ರ ‘ರೂಮರ್ಸ್’ ಆಲ್ಬಮ್ಮಿನ ತಂಡ ಎಂದು ಬಹುಮಂದಿಯ ತಿಳುವಳಿಕೆ. ಆ ತಂಡವನ್ನು ಅದಕ್ಕೆ ಹತ್ತು ವರ್ಷ ಮೊದಲು ಕಟ್ಟಿದವರು ಗ್ರೀನ್. ಕೃತಿ ಊರೂರು ಸುತ್ತಿತು, ಕರ್ತೃ ಮನೆಯಲ್ಲೇ ಉಳಿದರು. ಹೀಗೇಕಾಯಿತು ಎಂದರೆ, ಅವರಿಗೆ ಬಂದ ಮಾನಸಿಕ ಕಾಯಿಲೆಯತ್ತ ಬೆರಳು ತೋರಿಸುವುದು ರೂಢಿ. ನನ್ನ ವಾದ ಬೇರೆ. ಗ್ರೀನ್ ಅವರದು ಪಕ್ಕವಾದ್ಯಗಾರನ ಮನೋಧರ್ಮ. ಹಾಡು ಮುಂದೆ, ತಾನು ಹಿಂದೆ ಎಂಬುದು ಅವರ ವಾದನದ ಮೂಲತತ್ತ್ವ. ಅವರ ಹಿರಿಮೆಯೂ ಅವರಿಗೆ ಸಲ್ಲಬೇಕಾದ ಹೆಸರು ಸಲ್ಲದೆ ಹೋದದ್ದೂ ಈ ಒಂದೇ ಬೇರಿನಿಂದ ಬಂದವು. ಇದನ್ನು ಸಾಧಿಸಲು ಮೊದಲು ಅವರು ಬೆಳೆದ ವಾತಾವರಣವನ್ನೂ ಆಮೇಲೆ ಅವರ ನಾದವನ್ನೂ ಅನಂತರ ರಚನೆಗಳನ್ನೂ ನೋಡುತ್ತೇನೆ. ನನ್ನ ವಾದಕ್ಕೆ ಎದುರಾಗಬಹುದಾದ ಆಕ್ಷೇಪಗಳಿಗೆ ದಾರಿಯುದ್ದಕ್ಕೂ ಉತ್ತರಿಸುತ್ತ ಹೋಗುತ್ತೇನೆ.

ಬ್ಲೂಸ್ ಅಮೆರಿಕದ ದಕ್ಷಿಣ ರಾಜ್ಯಗಳ ಆಫ್ರಿಕನ್-ಅಮೆರಿಕನ್ ಜನರ ಹಾಡು. ಹತ್ತಿಯ ಹೊಲಗಳಿಂದ ಶಿಕಾಗೋದಂಥ ನಗರಗಳಿಗೆ ಕೂಲಿ ಅರಸಿ ಹೋದವರ ಜೊತೆಗೆ ಅದೂ ಹೋಯಿತು, ಅಲ್ಲಿ ವಿದ್ಯುತ್ ಗಿಟಾರ್ ಹಿಡಿಯಿತು. 1958ರಲ್ಲಿ ಮಡ್ಡಿ ವಾಟರ್ಸ್ ಬ್ರಿಟನ್ನಿಗೆ ಬಂದು ಆಂಪ್ಲಿಫೈಯರ್ ಹಾಕಿ ನುಡಿಸಿದಾಗ, ಜಾನಪದ ಗಾಯಕನೊಬ್ಬನನ್ನು ನಿರೀಕ್ಷಿಸಿದ್ದ ಹಲವರು ಬೆಚ್ಚಿದರು. ಆದರೆ ಯುವಕರ ಕಿವಿ ಅಲ್ಲೇ ನೆಟ್ಟಿತು. 1962ರ ಮಾರ್ಚಿನಲ್ಲಿ ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಲಂಡನ್ನಿನ ಈಲಿಂಗ್‌ನಲ್ಲಿ ಒಂದು ನೆಲಮಾಳಿಗೆಯಲ್ಲಿ ಬ್ಲೂಸ್ ಕ್ಲಬ್ ತೆರೆದರು. ಅದೇ ವರ್ಷ ಅಮೆರಿಕದ ಬ್ಲೂಸ್ ಕಲಾವಿದರ ಒಂದು ತಂಡ ಮ್ಯಾಂಚೆಸ್ಟರಿನಲ್ಲಿ ಹಾಡಿತು. ಆ ಪೀಳಿಗೆಗೆ ಗುರು ಎಂದರೆ ಆಮದಾದ ಧ್ವನಿಮುದ್ರಿಕೆ. ಪಾಠ ಎಂದರೆ ಅದರ ಸೂಜಿಯನ್ನು ಎತ್ತಿ ಎತ್ತಿ ಅದೇ ಸಾಲಿಗೆ ಮತ್ತೆ ಇಡುವುದು. ಲಂಡನ್ನಿನ ಪೂರ್ವ ಭಾಗದ ಬೆತ್ನಲ್ ಗ್ರೀನ್ ಎಂಬ ಬಡ ಬಡಾವಣೆಯಲ್ಲಿ, 1946ರ ಅಕ್ಟೋಬರ್ 29ರಂದು, ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಪೀಟರ್ ಗ್ರೀನ್‌ಬಾಮ್ ಈ ಪೀಳಿಗೆಯ ಕಿರಿಯರಲ್ಲೊಬ್ಬ. ಮೊದಲ ಕಾರ್ಡುಗಳನ್ನು ಹೇಳಿಕೊಟ್ಟದ್ದು ಅಣ್ಣ. ಹುಡುಗ ಕಟುಕನ ಅಂಗಡಿಯಲ್ಲಿ ಕೆಲಸ ಕಲಿತ, ಸಣ್ಣಪುಟ್ಟ ತಂಡಗಳಲ್ಲಿ ಬೇಸ್ ಗಿಟಾರ್ ನುಡಿಸಿದ. ಬೇಸ್ ನುಡಿಸಿದ್ದನ್ನು ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಅದು ಮುಖ್ಯವೆನಿಸುತ್ತದೆ. ಬೇಸ್ ನುಡಿಸುವವನು ಬೇರೆಯವರನ್ನು ಹೊತ್ತು ನಡೆಯಲು ಕಲಿಯುತ್ತಾನೆ, ಯಾವ ಸ್ವರವನ್ನು ನುಡಿಸಬಾರದು ಎಂಬುದನ್ನೂ ಕಲಿಯುತ್ತಾನೆ.

1966ರ ಜುಲೈನಲ್ಲಿ ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡ ಕ್ಲ್ಯಾಪ್ಟನ್ ಜೊತೆ ಮಾಡಿದ ಆಲ್ಬಮ್ ಹೊರಬಂತು. ಬ್ರಿಟಿಷ್ ಗಿಟಾರಿನ ಇತಿಹಾಸದಲ್ಲಿ ಅದೊಂದು ಮೈಲಿಗಲ್ಲು. ಅದು ಅಂಗಡಿಗೆ ಬರುವ ಹೊತ್ತಿಗೆ ಕ್ಲ್ಯಾಪ್ಟನ್ ತಂಡ ಬಿಟ್ಟಾಗಿತ್ತು. ಆ ಖಾಲಿ ಜಾಗಕ್ಕೆ ಬಂದ ಗ್ರೀನ್‌ಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕ್ಲ್ಯಾಪ್ಟನ್ ಎಲ್ಲಿ ಎಂದು ಗಾಬರಿಯಾದ ನಿರ್ಮಾಪಕ ಮೈಕ್ ವರ್ನನ್‌ಗೆ, ಅವರಿಗಿಂತ ಮೇಲಾದವನನ್ನು ತಂದಿದ್ದೇನೆ ಎಂದು ಮೇಯಲ್ ಸಮಾಧಾನ ಹೇಳಿದ್ದನ್ನು ವರ್ನನ್ ಅವರೇ ಮುಂದೆ ನೆನೆದಿದ್ದಾರೆ. ಇಂಥ ಜಾಗಕ್ಕೆ ಬಂದ ಹುಡುಗ ತನ್ನ ಹಿಂದಿನವನನ್ನು ವೇಗದಲ್ಲಿ, ಸದ್ದಿನಲ್ಲಿ ಮೀರಿಸಲು ಹೊರಡುವುದು ಸಹಜ. 1967ರ ಫೆಬ್ರವರಿಯಲ್ಲಿ ಬಂದ ‘ಎ ಹಾರ್ಡ್ ರೋಡ್’ ಆಲ್ಬಮ್ಮಿನಲ್ಲಿ ಗ್ರೀನ್ ಹಿಡಿದದ್ದು ಬೇರೆ ಹಾದಿ. ಅದರಲ್ಲಿ ಅವರೇ ರಚಿಸಿದ ‘ದಿ ಸೂಪರ್‌ನ್ಯಾಚುರಲ್’ ಎಂಬ ವಾದ್ಯಕೃತಿಯಿದೆ. ಮೈನರ್ ಕಾರ್ಡುಗಳ ಮೇಲೆ ಒಂದು ಸ್ವರವನ್ನು ಮೀಟಿ, ಆಂಪ್ಲಿಫೈಯರಿನ ಮರುದನಿಯಲ್ಲಿ ಅದು ತಾನಾಗಿ ಬೆಳೆಯುವಂತೆ ಬಿಟ್ಟು, ಅದು ತುಂಬಿ ತುಳುಕುವವರೆಗೆ ಮುಂದಿನ ಸ್ವರಕ್ಕೆ ಹೋಗದೆ ಕಾಯುತ್ತಾರೆ. ನಮ್ಮ ಗಾಯಕರು ಕಾರ್ವೆ ಎನ್ನುವುದು ಇದನ್ನೇ. ಇಪ್ಪತ್ತು ತುಂಬುವ ವಯಸ್ಸಿನಲ್ಲಿ, ಎಲ್ಲರ ಕಣ್ಣು ಬೆರಳಿನ ಮೇಲಿರುವಾಗ, ಒಂದೇ ಸ್ವರವನ್ನು ನಂಬಿ ನಿಲ್ಲಲು ಬೇಕಾದ ಧೈರ್ಯ ಸಾಮಾನ್ಯದ್ದಲ್ಲ.

ಈಗ ಈ ನಾದವನ್ನು ಸ್ವಲ್ಪ ಬಿಡಿಸಿ ನೋಡೋಣ. ಬ್ಲೂಸಿನ ಸಾಮಾನ್ಯ ಚೌಕಟ್ಟು ನಾಲ್ಕು ಮಾತ್ರೆಗಳ ಹನ್ನೆರಡು ಆವರ್ತನೆಗಳದು. ಗಾಯಕ ಒಂದು ಸಾಲು ಹಾಡಿ ನಿಲ್ಲುತ್ತಾನೆ, ಸುಮಾರು ಎರಡು ಆವರ್ತನೆ ಜಾಗ ಉಳಿಯುತ್ತದೆ, ಆ ಜಾಗದಲ್ಲಿ ವಾದ್ಯ ಉತ್ತರಿಸುತ್ತದೆ. ಅದೇ ಸಾಲು ಮತ್ತೊಮ್ಮೆ, ಮತ್ತೊಂದು ಉತ್ತರ. ಕೊನೆಗೆ ಮಾತನ್ನು ಮುಗಿಸುವ ಮೂರನೆಯ ಸಾಲು. ಗಿಟಾರ್ ವಾದಕನ ಯೋಗ್ಯತೆ ತಿಳಿಯುವುದು ಈ ಉತ್ತರಗಳಲ್ಲಿ. ಸ್ವರಸ್ಥಾನದ ವಿಷಯ ಇನ್ನೂ ಸೂಕ್ಷ್ಮ. ಬ್ಲೂಸಿನ ಗಾಂಧಾರ ನಮ್ಮ ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಎರಡರ ನಡುವೆ ಎಲ್ಲೋ ಒದ್ದಾಡುವ ಸ್ವರ. ಗಿಟಾರಿನ ಮೆಟ್ಟುಗಳಲ್ಲಿ ಅದಕ್ಕೆ ಮನೆಯಿಲ್ಲ. ವೈಣಿಕರು ಗಮಕಕ್ಕಾಗಿ ತಂತಿಯನ್ನು ಅಡ್ಡಕ್ಕೆ ಎಳೆಯುವಂತೆ ಇಲ್ಲಿಯೂ ಎಳೆದೇ ಅದನ್ನು ಮುಟ್ಟಬೇಕು. ಎಷ್ಟು ಎಳೆಯಬೇಕು, ಎಷ್ಟು ನಿಧಾನವಾಗಿ, ಮುಟ್ಟಿದ ಮೇಲೆ ಕಂಪನ ಯಾವಾಗ ಶುರುವಾಗಬೇಕು ಎಂಬಲ್ಲಿ ಗ್ರೀನ್ ಅವರ ಕೈ ಅಸಾಧಾರಣ. ಲಿಟ್ಲ್ ವಿಲ್ಲಿ ಜಾನ್ 1950ರ ದಶಕದಲ್ಲಿ ಹಾಡಿದ್ದ ‘ನೀಡ್ ಯುವರ್ ಲವ್ ಸೋ ಬ್ಯಾಡ್’ ಗೀತೆಯನ್ನು ಅವರು 1968ರಲ್ಲಿ ಹಾಡಿದರು. ಅದರಲ್ಲಿ ಕಂಠ ಎಲ್ಲಿ ನಿಂತಿತು, ಗಿಟಾರ್ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಮಸುಕಾಗುತ್ತದೆ. ಕಂಠ ಹೇಳಿದ್ದನ್ನು ಗಿಟಾರ್ ದೊಡ್ಡದು ಮಾಡಿ ಹೇಳುವುದಿಲ್ಲ. ಕಂಠಕ್ಕೆ ಹೇಳಲಾಗದೆ ಉಳಿದದ್ದನ್ನು ಎರಡು ಮೂರು ಸ್ವರಗಳಲ್ಲಿ ಹೇಳಿ ಸುಮ್ಮನಾಗುತ್ತದೆ. ಈ ಬಗೆಯ ವಾದನದ ಹಿರಿಯ ಆಚಾರ್ಯರಾದ ಬಿ. ಬಿ. ಕಿಂಗ್, ತಾವು ಕೇಳಿದವರಲ್ಲಿ ಅತ್ಯಂತ ಇಂಪಾದ ನಾದ ಗ್ರೀನ್ ಅವರದೆಂದೂ ತಮಗೆ ಬೆವರಿಳಿಸಿದವರು ಅವರೊಬ್ಬರೇ ಎಂದೂ ಹೇಳಿದ್ದು ಪ್ರಸಿದ್ಧ. ಆಚಾರ್ಯರೇ ಇಷ್ಟು ಹೇಳಿದ ಮೇಲೆ ಗ್ರೀನ್‌ಗೆ ಮನ್ನಣೆ ಸಿಗಲಿಲ್ಲ ಎಂಬುದು ಹೇಗೆ ಎಂದು ನೀವು ಕೇಳಬಹುದು. ವಾದಕರಿಂದ ಸಿಕ್ಕ ಮನ್ನಣೆ ಬೇರೆ, ಕೇಳುಗರ ನೆನಪಿನಲ್ಲಿ ಸಿಗುವ ಸ್ಥಾನ ಬೇರೆ. ಮೊದಲನೆಯದು ಅವರಿಗೆ ಧಾರಾಳವಾಗಿ ಸಿಕ್ಕಿತು. ನನ್ನ ತಕರಾರು ಎರಡನೆಯದರ ಬಗ್ಗೆ.

ನಾದದ ವಿಷಯಕ್ಕೆ ಬಂದಾಗ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಗ್ರೀನ್ ನುಡಿಸುತ್ತಿದ್ದದ್ದು 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರ್. ಅದರಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಪಿಕಪ್ಪುಗಳು. ಕುತ್ತಿಗೆಯ ಕಡೆಯ ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿತ್ತು. ಹಾಗಾಗಿ ಎರಡು ಪಿಕಪ್ಪುಗಳನ್ನೂ ಒಟ್ಟಿಗೆ ಬಳಸಿದಾಗ ಒಂದರ ಅಲೆ ಇನ್ನೊಂದರ ಅಲೆಯನ್ನು ಭಾಗಶಃ ಅಳಿಸಿ, ಮೂಗಿನಿಂದ ಬಂದಂಥ, ತುಸು ಟೊಳ್ಳಾದ, ದೂರದಿಂದ ಕೇಳುವಂಥ ದನಿ ಹೊರಡುತ್ತಿತ್ತು. ಗ್ರೀನ್ ಅವರ ನಾದವೆಲ್ಲ ಈ ಅಯಸ್ಕಾಂತದ ಆಕಸ್ಮಿಕ ಎಂದು ವಾದಿಸುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಒಂದೇ ಪಿಕಪ್ ಬಳಸಿದರೆ ಈ ಪರಿಣಾಮ ಉಂಟಾಗುವುದೇ ಇಲ್ಲ. ಎರಡನ್ನೂ ಬಳಸಿದಾಗಲೂ ಅವುಗಳ ಮಟ್ಟವನ್ನು ಗುಂಡಿ ತಿರುಗಿಸಿ ಹದಮಾಡಿದಂತೆ ಅದು ಹೆಚ್ಚುಕಡಿಮೆಯಾಗುತ್ತದೆ. ಹದವರಿತ ಕೈ ಇಲ್ಲದಿದ್ದರೆ ಅದು ಬರೀ ಕೃಶವಾದ ಸದ್ದು. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಆ ಗಿಟಾರಿನ ಮುಂದಿನ ಬದುಕು. 1970ರ ದಶಕದ ಆರಂಭದಲ್ಲಿ ಗ್ರೀನ್ ಅದನ್ನು ಅಗ್ಗದ ಬೆಲೆಗೆ ಗಿಟಾರ್ ವಾದಕ ಗ್ಯಾರಿ ಮೂರ್ ಅವರಿಗೆ ಕೊಟ್ಟರು. ಮೂರ್ ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ಇಟ್ಟುಕೊಂಡರು, 1995ರಲ್ಲಿ ಗ್ರೀನ್ ಅವರ ಹಾಡುಗಳನ್ನೇ ಅದರಲ್ಲಿ ನುಡಿಸಿ ‘ಬ್ಲೂಸ್ ಫಾರ್ ಗ್ರೀನಿ’ ಎಂಬ ಆಲ್ಬಮ್ ತಂದರು. ಪ್ರೀತಿಯಿಂದ, ಭಕ್ತಿಯಿಂದ ಮಾಡಿದ ಕೆಲಸ ಅದು. ಆದರೂ ಅಲ್ಲಿ ಕೇಳುವುದು ಮೂರ್ ಅವರ ದನಿ: ದಪ್ಪ, ಕಾವೇರಿದ, ತುಂಬು ಸ್ವರಗಳ ದನಿ. ಅದೇ ಗಿಟಾರ್ ಈಗ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಬಳಿಯಿದೆ. ಅಲ್ಲಿ ಅದರ ದನಿ ಮತ್ತೊಂದು. ಅಯಸ್ಕಾಂತ ಮೂವರಿಗೂ ಒಂದೇ ಆಗಿತ್ತು.

ಇನ್ನು ಅವರು ಕಟ್ಟಿದ ತಂಡಕ್ಕೆ ಬರೋಣ. 1967ರಲ್ಲಿ ಮೇಯಲ್ ಅವರನ್ನು ಬಿಟ್ಟ ಗ್ರೀನ್, ಡ್ರಮ್ಮಿಗೆ ಮಿಕ್ ಫ್ಲೀಟ್‌ವುಡ್ ಅವರನ್ನೂ ಸ್ಲೈಡ್ ಗಿಟಾರಿಗೆ ಜೆರೆಮಿ ಸ್ಪೆನ್ಸರ್ ಅವರನ್ನೂ ಸೇರಿಸಿಕೊಂಡು ಹೊಸ ತಂಡ ಮಾಡಿದರು. ಆ ವರ್ಷದ ಆಗಸ್ಟ್ 13ರಂದು ವಿಂಡ್ಸರ್ ಉತ್ಸವದಲ್ಲಿ ಮೊದಲ ಕಛೇರಿ. ಜನ ಬರುತ್ತಿದ್ದದ್ದು ಗ್ರೀನ್ ಹೆಸರಿಗೆ. ಹಾಗಾಗಿ ಪ್ರಕಟಣೆಗಳಲ್ಲಿ ಅವರ ಹೆಸರನ್ನು ಮುಂದೆ ಹಾಕುತ್ತಿದ್ದರು. ಆದರೆ ತಂಡಕ್ಕೆ ಗ್ರೀನ್ ಇಟ್ಟ ಹೆಸರು ಡ್ರಮ್ ನುಡಿಸುವ ಫ್ಲೀಟ್‌ವುಡ್, ಬೇಸ್ ನುಡಿಸುವ ಜಾನ್ ಮೆಕ್‌ವೀ ಇವರಿಬ್ಬರದು, ಮೆಕ್‌ವೀ ಇನ್ನೂ ತಂಡಕ್ಕೆ ಬಂದೇ ಇರದ ಹೊತ್ತಿನಲ್ಲಿ! ಲಯ ಹಿಡಿಯುವವರ ಹೆಸರನ್ನು ತಂಡಕ್ಕಿಟ್ಟ ನಾಯಕ ಆ ಕಾಲದಲ್ಲಿ ಇನ್ನೊಬ್ಬರಿರಲಾರರು. ಇದರ ಪರಿಣಾಮವೇನು ಗೊತ್ತೆ? 1970ರಲ್ಲಿ ಗ್ರೀನ್ ಹೊರಟುಹೋದಾಗ ತಂಡದ ಹೆಸರಿಗೆ ಚೂರೂ ಕುಂದಾಗಲಿಲ್ಲ. ಬೇರೆ ಹಾಡುಗಾರರು ಬಂದರು, ತಂಡ ಅಮೆರಿಕಕ್ಕೆ ಹೋಯಿತು, ಬೇರೆಯದೇ ಸಂಗೀತ ಮಾಡಿ ಜಗತ್ಪ್ರಸಿದ್ಧವಾಯಿತು. ಹೆಸರು ಉಳಿದವರಿಗೆ ನ್ಯಾಯವಾಗಿಯೇ ಸೇರಿತ್ತು. ತಂಡದ ಒಳಗೂ ಗ್ರೀನ್ ನಡೆದುಕೊಂಡದ್ದು ಹೀಗೆಯೇ. ವೇದಿಕೆಯಲ್ಲಿ ಸ್ಪೆನ್ಸರ್ ಅವರಿಗೆ ಬೇಕಾದಷ್ಟು ಜಾಗ ಬಿಟ್ಟರು. 1968ರ ಆಗಸ್ಟಿನಲ್ಲಿ ಹದಿನೆಂಟರ ಹುಡುಗ ಡ್ಯಾನಿ ಕರ್ವನ್ ಅವರನ್ನು ಮೂರನೆಯ ಗಿಟಾರ್ ವಾದಕನಾಗಿ ತಂದರು; ಮರುವರ್ಷದ ‘ದೆನ್ ಪ್ಲೇ ಆನ್’ ಆಲ್ಬಮ್ಮಿನ ಹದಿನಾಲ್ಕು ರಚನೆಗಳಲ್ಲಿ ಏಳು ಕರ್ವನ್ ಅವರವು, ಐದು ಮಾತ್ರ ಗ್ರೀನ್ ಅವರವು.

ರಚನೆಗಳ ಮಾತು. ಶಿಕಾಗೋದ ಓಟಿಸ್ ರಶ್ 1958ರಲ್ಲಿ ಮುದ್ರಿಸಿದ ‘ಆಲ್ ಯುವರ್ ಲವ್’ ಹಾಡಿನಲ್ಲಿ ಮೈನರ್ ಬ್ಲೂಸ್‌ಗೆ ಲ್ಯಾಟಿನ್ ಬಗೆಯ ತಾಳ ಸೇರಿತ್ತು. ಆ ಬೀಜದಿಂದ ಗ್ರೀನ್ 1968ರ ಮಾರ್ಚಿನಲ್ಲಿ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಬೆಳೆಸಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 37ನೇ ಸ್ಥಾನ ದಾಟಲಿಲ್ಲ. ಎರಡು ವರ್ಷದ ನಂತರ ಕಾರ್ಲೋಸ್ ಸಾಂಟಾನಾ ಅದಕ್ಕೆ ಕಾಂಗಾ ಮತ್ತು ಆರ್ಗನ್ ಸೇರಿಸಿ, ಹಂಗೇರಿಯ ಗಾಬೋರ್ ಸಾಬೋ ಅವರ ಒಂದು ರಚನೆಯನ್ನು ಬಾಲಕ್ಕೆ ಕಟ್ಟಿ ಅಮೆರಿಕದಲ್ಲಿ 4ನೇ ಸ್ಥಾನಕ್ಕೇರಿಸಿದರು. ಸಾಂಟಾನಾ ಅವರ ರೂಪ ಬೆಡಗಿನದು, ಅದನ್ನು ಮೆಚ್ಚದಿರುವುದು ಕಷ್ಟ. ಗ್ರೀನ್ ಅವರ ರೂಪದಲ್ಲಿ ಭಯವಿದೆ. ತಾಳದ ಹೊಡೆತಗಳ ನಡುವೆ ಬಿಟ್ಟ ತೆರಪಿನಲ್ಲಿ, ಮಾತು ಮುಗಿದ ಕೂಡಲೇ ಬಿಗಿಯುವ ಗಿಟಾರಿನಲ್ಲಿ, ಹಾಡುವವನು ನಿಜಕ್ಕೂ ಸಿಕ್ಕಿಬಿದ್ದಿದ್ದಾನೆ ಎನಿಸುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದರೆ, ಮೂಲವೇ ಹೆಚ್ಚು ಆಳವಾದದ್ದು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಆದರೆ ನನ್ನ ವಾದಕ್ಕೆ ಮುಖ್ಯ ಸಾಕ್ಷಿ ‘ಆಲ್ಬಟ್ರಾಸ್’. 1968ರ ನವೆಂಬರಿನಲ್ಲಿ ಬಂದು, ಮರುವರ್ಷದ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಈ ಕೃತಿಯಲ್ಲಿ ಹಾಡೇ ಇಲ್ಲ, ಬರೀ ವಾದ್ಯ. ಕ್ಲ್ಯಾಪ್ಟನ್ ಅವರ ಕ್ರೀಮ್, ಜಿಮಿ ಹೆಂಡ್ರಿಕ್ಸ್ ಎಲ್ಲರೂ ವಾದ್ಯದ ಪ್ರಚಂಡ ಶಕ್ತಿಯನ್ನು ತೋರುತ್ತಿದ್ದ ವರ್ಷ ಅದು. ಅಂಥ ಹೊತ್ತಿನಲ್ಲಿ ಗ್ರೀನ್ ಬಹುಪಾಲು ಎರಡೇ ಕಾರ್ಡುಗಳ ನಡುವೆ ತೂಗುವ ಕೃತಿಯೊಂದನ್ನು ರಚಿಸಿದರು. ಫ್ಲೀಟ್‌ವುಡ್ ಮೆತ್ತನೆಯ ತಲೆಯ ಕೋಲುಗಳಿಂದ ಡ್ರಮ್ಮನ್ನು ಮುಟ್ಟುತ್ತಾರೆ, ಬೇಸ್ ಒಂದೇ ಸಮನೆ ಮಿಡಿಯುತ್ತದೆ, ಮೇಲೆ ಗ್ರೀನ್ ಮತ್ತು ಕರ್ವನ್ ಇಬ್ಬರ ಗಿಟಾರ್‌ಗಳು ಜೊತೆಗೂಡಿ ಸಾಗುತ್ತವೆ. ಇದರಲ್ಲಿ ‘ಇದು ನನ್ನ ಸರದಿ’ ಎಂದು ವಾದಕ ಎದ್ದು ನಿಲ್ಲುವ ಭಾಗವೇ ಇಲ್ಲ. ಗಿಟಾರ್ ವಾದಕನೊಬ್ಬ ತನ್ನ ಅತ್ಯಂತ ಜನಪ್ರಿಯ ಕೃತಿಯಲ್ಲಿ ತನ್ನ ಕೈಚಳಕದ ಪ್ರದರ್ಶನಕ್ಕೆ ಒಂದು ಕ್ಷಣವನ್ನೂ ಇಟ್ಟುಕೊಳ್ಳಲಿಲ್ಲ. ಇದು ಹಗುರ ಸಂಗೀತ, ಬ್ಲೂಸ್ ಅಲ್ಲ ಎಂದು ದೂರಿದವರಿದ್ದಾರೆ. ಹನ್ನೆರಡು ಆವರ್ತನೆಯ ಚೌಕಟ್ಟು ಇಲ್ಲ, ನಿಜ. ಆದರೆ ಸ್ವರವನ್ನು ಎಳೆದು ಮುಟ್ಟುವ ರೀತಿ, ಮೀಟಿ ಕಾಯುವ ತಾಳ್ಮೆ, ಒಂದು ಗಿಟಾರ್ ಹೇಳಿದ್ದಕ್ಕೆ ಇನ್ನೊಂದು ಓಗೊಡುವ ಕ್ರಮ ಎಲ್ಲವೂ ಬ್ಲೂಸಿನಿಂದ ಬಂದವು. ಬೀಟಲ್ಸ್ ತಂಡದ ‘ಆ್ಯಬಿ ರೋಡ್’ ಆಲ್ಬಮ್ಮಿನ ‘ಸನ್ ಕಿಂಗ್’ ಹುಟ್ಟಿದ್ದು ಈ ಕೃತಿಯಂತೆ ಏನಾದರೂ ಮಾಡಬೇಕೆಂಬ ಆಸೆಯಿಂದ ಎಂದು ಜಾರ್ಜ್ ಹ್ಯಾರಿಸನ್ ಹೇಳಿದ್ದರು. ಅಲ್ಲಿಂದ ಮುಂದೆ ‘ಮ್ಯಾನ್ ಆಫ್ ದಿ ವರ್ಲ್ಡ್’, ‘ಓ ವೆಲ್’ ಎರಡೂ 1969ರಲ್ಲಿ 2ನೇ ಸ್ಥಾನ ತಲುಪಿದವು. ‘ಓ ವೆಲ್’ ಮುದ್ರಿಕೆಯ ಎರಡೂ ಮಗ್ಗುಲನ್ನು ತುಂಬಿದ ರಚನೆ. ಅದರ ಮೊದಲ ಭಾಗ ಸಿಡಿಯುವ ಬ್ಲೂಸ್. ಎರಡನೆಯ ಭಾಗದಲ್ಲಿ ಸ್ಪ್ಯಾನಿಷ್ ಗಿಟಾರ್, ಚೆಲ್ಲೊ, ಮರದ ಕೊಳಲು. ಜನಪ್ರಿಯ ಗೀತೆಯ ಮಾರುಕಟ್ಟೆಗೆ ಇಂಥದ್ದನ್ನು ಒಯ್ದು ಗೆದ್ದದ್ದು ಸಣ್ಣ ಮಾತಲ್ಲ.

ಇಷ್ಟು ಹೇಳಿದ ಮೇಲೆ ಬಲವಾದ ಆಕ್ಷೇಪವೊಂದಕ್ಕೆ ಬರುತ್ತೇನೆ. ಬ್ಲೂಸ್ ಬೇರೆಯವರ ನೋವಿನಿಂದ ಹುಟ್ಟಿದ ಹಾಡು. ಲಂಡನ್ನಿನ ಬಿಳಿಯ ಹುಡುಗರು ಅದನ್ನು ಎತ್ತಿಕೊಂಡು ಹಣ, ಹೆಸರು ಮಾಡಿದರು, ಮೂಲದವರು ಬಡವರಾಗಿಯೇ ಉಳಿದರು ಎಂಬ ಮಾತು. ಇದರಲ್ಲಿ ಸತ್ಯ ಬಹಳಷ್ಟಿದೆ, ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಒಂದು ಇಡೀ ಉದ್ಯಮ ಮಾಡಿದ ಅನ್ಯಾಯವನ್ನು ಒಬ್ಬ ವಾದಕನ ಸಜ್ಜನಿಕೆ ಸರಿಮಾಡಲಾರದು. ಆದರೂ ವಾದಕನೊಬ್ಬನನ್ನು ತೂಗುವಾಗ ಅವನು ಮೂಲದವರ ಎದುರು ಹೇಗೆ ನಡೆದುಕೊಂಡ ಎಂಬುದನ್ನು ನೋಡಬೇಕು. 1968ರಲ್ಲಿ ಹಿರಿಯ ಪಿಯಾನೊ ವಾದಕ ಎಡ್ಡಿ ಬಾಯ್ಡ್ ಅವರ ‘7936 ಸೌತ್ ರೋಡ್ಸ್’ ಆಲ್ಬಮ್ಮಿಗೆ ಗ್ರೀನ್, ಮೆಕ್‌ವೀ, ಫ್ಲೀಟ್‌ವುಡ್ ಪಕ್ಕವಾದ್ಯ ನುಡಿಸಿದರು. 1969ರ ಜನವರಿಯಲ್ಲಿ ತಂಡ ಶಿಕಾಗೋದ ಚೆಸ್ ಸ್ಟುಡಿಯೊಗೆ ಹೋಗಿ ವಿಲ್ಲಿ ಡಿಕ್ಸನ್, ಬಿಗ್ ವಾಲ್ಟರ್ ಹಾರ್ಟನ್, ಹನಿಬಾಯ್ ಎಡ್ವರ್ಡ್ಸ್ ಅವರಂಥವರ ಜೊತೆ ಕುಳಿತಿತು. ಮಡ್ಡಿ ವಾಟರ್ಸ್ ತಂಡದಲ್ಲಿ ವರ್ಷಗಟ್ಟಲೆ ಪಿಯಾನೊ ನುಡಿಸಿದ್ದ ಓಟಿಸ್ ಸ್ಪಾನ್ ಅವರ ‘ದಿ ಬಿಗ್ಗೆಸ್ಟ್ ಥಿಂಗ್ ಸಿನ್ಸ್ ಕೊಲೋಸಸ್’ ಆಲ್ಬಮ್ಮಿನಲ್ಲೂ ಗಿಟಾರ್ ಗ್ರೀನ್ ಅವರದೇ, ಜೊತೆಗೆ ಕರ್ವನ್. ಇಲ್ಲಿ ಗ್ರೀನ್ ಕ್ಷಣವೂ ಸ್ಪಾನ್ ಅವರನ್ನು ಮೀರಲು ಹೋಗುವುದಿಲ್ಲ. ಪಿಯಾನೊ ಉಸಿರು ತೆಗೆದುಕೊಂಡಾಗ ಮಾತ್ರ ನುಡಿಯುತ್ತಾರೆ, ಕಂಠ ಬಂದ ಕೂಡಲೇ ತಗ್ಗುತ್ತಾರೆ. ಪ್ರಸಿದ್ಧಿಯ ತುದಿಯಲ್ಲಿದ್ದ, ‘ಆಲ್ಬಟ್ರಾಸ್’ ಮೊದಲ ಸ್ಥಾನಕ್ಕೇರುತ್ತಿದ್ದ ತಿಂಗಳಲ್ಲೇ ಅವರು ಹೀಗೆ ಹಿಂದೆ ಕುಳಿತು ನುಡಿಸಿದ್ದು. ಅವರು ತಮ್ಮದಲ್ಲದ ಬದುಕನ್ನು ಹಾಡಿನಲ್ಲಿ ನಟಿಸಲೂ ಇಲ್ಲ. ‘ಮ್ಯಾನ್ ಆಫ್ ದಿ ವರ್ಲ್ಡ್’ನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹೊಲವಿಲ್ಲ, ರೈಲಿಲ್ಲ, ಎಲ್ಲ ಇದ್ದೂ ನೆಮ್ಮದಿಯಿಲ್ಲದ ಲಂಡನ್ನಿನ ಯುವಕನಿದ್ದಾನೆ.

ಕೊನೆಯದಾಗಿ ಕಾಯಿಲೆಯ ಕಥೆ. 1970ರ ಮಾರ್ಚಿನಲ್ಲಿ ಮ್ಯೂನಿಕ್ಕಿನ ಒಂದು ಕೂಟದಲ್ಲಿ ಎಲ್‌ಎಸ್‌ಡಿ ಸೇವನೆ, ಗಳಿಸಿದ್ದನ್ನೆಲ್ಲ ಹಂಚಿಬಿಡಬೇಕೆಂಬ ಹಟ, ಮೇ ತಿಂಗಳಲ್ಲಿ ತಂಡಕ್ಕೆ ವಿದಾಯ, ಆಮೇಲೆ ಸ್ಕಿಜೋಫ್ರೇನಿಯಾ, ಆಸ್ಪತ್ರೆ, ವಿದ್ಯುತ್ ಚಿಕಿತ್ಸೆ. ಗ್ರೀನ್ ಬಗ್ಗೆ ಬರೆದವರಲ್ಲಿ ಹಲವರು ಇದರಿಂದಲೇ ಶುರುಮಾಡುತ್ತಾರೆ, ಅವರ ಹಾಡಿನ ದುಃಖವನ್ನೆಲ್ಲ ಬರಲಿದ್ದ ಕಾಯಿಲೆಯ ಮುನ್ಸೂಚನೆಯೆಂದು ಓದುತ್ತಾರೆ. ಹೀಗೆ ಓದಿದರೆ ಕಸುಬು ಕಾಣೆಯಾಗುತ್ತದೆ. ‘ದಿ ಸೂಪರ್‌ನ್ಯಾಚುರಲ್’ ಮುದ್ರಣವಾದದ್ದು 1966ರಲ್ಲಿ. ‘ಆಲ್ಬಟ್ರಾಸ್’, ‘ಓ ವೆಲ್’ ಎರಡೂ ಮ್ಯೂನಿಕ್ಕಿಗೆ ಮೊದಲಿನವು. ಶ್ರುತಿಶುದ್ಧಿ, ಕಾಲಪ್ರಮಾಣ, ವಾದ್ಯಗಳ ಹೊಂದಾಣಿಕೆ ಇವೆಲ್ಲ ಎಚ್ಚರದ ಮನಸ್ಸಿನ, ವರ್ಷಗಳ ಸಾಧನೆಯ ಫಲ. ಕಾಯಿಲೆ ಅವರಿಂದ ಸಂಗೀತವನ್ನು ಕಿತ್ತುಕೊಂಡಿತು, ಕೊಡಲಿಲ್ಲ. ನಾಲ್ಕೇ ವರ್ಷದ ಕೆಲಸಕ್ಕೆ ಇಷ್ಟು ದೊಡ್ಡ ಸ್ಥಾನವೇ ಎನ್ನುವವರಿಗೆ ಬ್ಲೂಸಿನ ಇತಿಹಾಸವೇ ಉತ್ತರ ಕೊಡುತ್ತದೆ: ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಮುದ್ರಿಸಿದ್ದು 29 ಹಾಡು, ಇಡೀ ಪರಂಪರೆ ಅವುಗಳ ಮೇಲೆ ನಿಂತಿದೆ. ಜಾನ್ಸನ್ ಹಾಡುಗಳನ್ನೇ ಗ್ರೀನ್ 1998ರಲ್ಲಿ, ನೈಜೆಲ್ ವಾಟ್ಸನ್ ಜೊತೆ ಸ್ಪ್ಲಿಂಟರ್ ಗ್ರೂಪ್ ಎಂಬ ತಂಡದಲ್ಲಿ ಮರಳಿ ನುಡಿಸಿದರು. ಅಲ್ಲಿ ಹಳೆಯ ಕೈಯ ಖಚಿತತೆ ಇಲ್ಲ. ಆ ಮುದ್ರಣವನ್ನು 1968ರ ಕೆಲಸದ ಸಮಕ್ಕೆ ಇಡುವುದು ಪ್ರೀತಿಯಾದೀತು, ವಿಮರ್ಶೆಯಾಗದು. 1998ರಲ್ಲೇ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಅವರು ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ನುಡಿಸಿದ್ದು ಸಾಂಟಾನಾ ಜೊತೆಯಲ್ಲಿ. 2020ರ ಜುಲೈ 25ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವರನ್ನು ಹೊಸದಾಗಿ ಕೇಳಲು ಬಯಸುವವರಿಗೆ ನನ್ನದೊಂದು ಸಲಹೆ. ‘ಆಲ್ಬಟ್ರಾಸ್’ನಿಂದ ಶುರುಮಾಡಬೇಡಿ, ಅದು ತೀರಾ ಸುಲಭವಾಗಿ ಕಿವಿಗಿಳಿಯುತ್ತದೆ, ಅದರ ಹಿಂದಿನ ಸಂಯಮ ಮೊದಲ ಸಲ ಕೇಳಿಸುವುದಿಲ್ಲ. ಮೊದಲು ‘ನೀಡ್ ಯುವರ್ ಲವ್ ಸೋ ಬ್ಯಾಡ್’ ಕೇಳಿ, ಪ್ರತಿ ಸಾಲಿನ ಕೊನೆಗೆ ಗಿಟಾರ್ ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ಗಮನಿಸಿ. ಆಮೇಲೆ ಓಟಿಸ್ ಸ್ಪಾನ್ ಅವರ ಆಲ್ಬಮ್ ಹಾಕಿಕೊಂಡು ಪಿಯಾನೊವನ್ನು ಬಿಟ್ಟು ಅದರ ಹಿಂದಿನ ಗಿಟಾರನ್ನಷ್ಟೇ ಹುಡುಕಿ ಕೇಳಿ. ಆಮೇಲೆ ‘ಆಲ್ಬಟ್ರಾಸ್’ಗೆ ಬನ್ನಿ.